ಅಂಜೂರ: ಸಿಪ್ಪೆಯ ಬಣ್ಣ, ಕಡ್ಡಿಯ ಗುಣ

ಸ್ನೇಹಿತರೇ, ನಮಸ್ಕಾರ.

ಪೋಷಕಾಂಶದ ಮಾತು ಕೇಳಲು ಬಂದವರಿಗೆ ಇವತ್ತು ಕಡ್ಡಿ ನೆಡುವ ಮಾತನ್ನೂ ಹೇಳುತ್ತೇನೆ. ಅಂಜೂರದ ಮಟ್ಟಿಗೆ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

100 ಗ್ರಾಂ ತಾಜಾ ಹಣ್ಣಿನಲ್ಲಿ ಸುಮಾರು 3 ಗ್ರಾಂ ನಾರು, 35 ಮಿಲಿಗ್ರಾಂ ಕ್ಯಾಲ್ಸಿಯಂ, 230 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದೇ ತೂಕದ ಒಣ ಹಣ್ಣಿನಲ್ಲಿ ನಾರು 10 ಗ್ರಾಂ ಹತ್ತಿರ, ಕ್ಯಾಲ್ಸಿಯಂ 160 ಮಿಲಿಗ್ರಾಂ. ನೀರು ಆರಿದೆ, ಅಷ್ಟೇ. ಸಕ್ಕರೆಯೂ 16 ಗ್ರಾಂನಿಂದ 48ಕ್ಕೆ ಏರುತ್ತದೆ. ಮಧುಮೇಹ ಇರುವವರು ಇದನ್ನು ಮರೆಯಬಾರದು.

ತಳಿಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಸಿಪ್ಪೆಯಲ್ಲಿ. ಬ್ಲ್ಯಾಕ್ ಮಿಷನ್ ತಳಿಯ ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಿ. ಹೊರಗೆ ತೆಳ್ಳಗೆ ಕಪ್ಪು-ನೇರಳೆ ಅಂಚು, ಒಳಗೆ ಬಿಳಿ ಪದರ, ನಡುವೆ ಕೆಂಪು ತಿರುಳು. ಆ ನೇರಳೆಯೇ ಆಂಥೋಸಯಾನಿನ್ ಎಂಬ ಸಸ್ಯವರ್ಣಕ. ಹಸಿರು-ಹಳದಿ ಕಡೋಟಾದಲ್ಲಿ ಅದು ತೀರಾ ಕಮ್ಮಿ. ಕಪ್ಪು ಹಣ್ಣಿನ ಸಿಪ್ಪೆ ಸುಲಿದು ಎಸೆದರೆ ಅದರ ಒಳ್ಳೆಯದನ್ನೇ ಎಸೆದ ಹಾಗೆ.

ಇದೇ ಬಣ್ಣ, ಇದೇ ರುಚಿ ಬೇಕು ಅಂತ ಬೀಜ ಹಾಕಿದರೆ ಬರುತ್ತದೆಯೇ? ಇಲ್ಲ. ಮಿಷನ್, ಕಡೋಟಾ, ಬ್ರೌನ್ ಟರ್ಕಿ ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುತ್ತವೆ. ಹಾಗೆ ಆದಾಗ ಬೀಜ ಬರೀ ಟೊಳ್ಳು. ಸ್ಮಿರ್ನಾ ತಳಿಗೆ ಪುಟ್ಟ ಕಣಜವೊಂದು ಪರಾಗ ತರುತ್ತದೆ, ಬೀಜ ಮೊಳೆಯುತ್ತದೆ. ಆದರೆ ಹುಟ್ಟುವುದು ಬೇರೆಯೇ ಗುಣದ ಗಿಡ. ಹಾಗಾಗಿ ಕಡ್ಡಿಯೇ ದಾರಿ. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸುಮಾರು 11,400 ವರ್ಷ ಹಳೆಯ, ಬೀಜ ಬಲಿಯದ ಅಂಜೂರ ಸಿಕ್ಕಿವೆ. ಆಗಲೇ ಜನ ಕೊಂಬೆ ನೆಟ್ಟು ಬೆಳೆಸುತ್ತಿದ್ದರು ಅಂತ 2006ರಲ್ಲಿ ಸಂಶೋಧಕರು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಅಂಜೂರದ ಕಡ್ಡಿ ಎಷ್ಟು ಸುಲಭವಾಗಿ ಬೇರು ಬಿಡುತ್ತದೆ ಅಂತ ಬಲ್ಲ ನನಗೆ ಅದು ನಂಬುವಂಥ ಮಾತೇ.

ತಾಯಿಮರವನ್ನು ಹಣ್ಣಿನ ಕಾಲದಲ್ಲೇ ತಿಂದು ನೋಡಿ, ಗುರುತು ಹಾಕಿಡಿ. ಎಲೆಯ ಮೇಲೆ ಹಳದಿ ಮಚ್ಚೆ ಇದ್ದರೆ ಬಿಟ್ಟುಬಿಡಿ. ಅದು ಮೊಸಾಯಿಕ್ ರೋಗ ಇರಬಹುದು, ಕಡ್ಡಿಯ ಜೊತೆಗೇ ಬರುತ್ತದೆ. ಎಲೆ ಉದುರಿ ಮರ ವಿಶ್ರಾಂತಿಯಲ್ಲಿದ್ದಾಗ ಹಿಂದಿನ ವರ್ಷದ ಬಲಿತ ಕಡ್ಡಿ ಆರಿಸಿ. ಪೆನ್ಸಿಲ್ ದಪ್ಪ, 20ರಿಂದ 25 ಸೆಂಟಿಮೀಟರ್ ಉದ್ದ, ಮೂರು-ನಾಲ್ಕು ಗೆಣ್ಣು. ಕೆಳಗಿನ ಗೆಣ್ಣಿನ ಕೆಳಗೇ ಕತ್ತರಿಸಿ. ಕೈಗವಸು ಹಾಕಿಕೊಳ್ಳಿ. ಸೊನೆಯಲ್ಲಿರುವ ಸೊರಾಲೆನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ನೀರು ಬಸಿದು ಹೋಗುವ ಮಣ್ಣಿನ ಮಿಶ್ರಣದಲ್ಲಿ, ಒಂದು ಗೆಣ್ಣು ಮೇಲೆ ಉಳಿಯುವ ಹಾಗೆ ನೆಡಿ. ಇಲ್ಲೇ ಹೆಚ್ಚಿನವರು ಸೋಲುವುದು. ಕಡ್ಡಿ ತನ್ನೊಳಗಿನ ಪಿಷ್ಟದಿಂದಲೇ ಮೊದಲು ಚಿಗುರಬಹುದು. ಎಲೆ ಬಂತು, ಬೇರೂ ಬಂದಿರಬೇಕು ಅಂತ ಜಾಸ್ತಿ ನೀರು ಹಾಕಿದರೆ ಬುಡ ಕೊಳೆಯುತ್ತದೆ. ಸುಮ್ನೆ ಕಿತ್ತು ನೋಡಲೂಬೇಡಿ. ಮಣ್ಣು ತೇವವಾಗಿದ್ದರೆ ಸಾಕು. ಹೊಸ ಬೇರು ಬೆಳ್ಳಗಿದ್ದು, ಮುಟ್ಟಿದರೆ ಮುರಿಯುತ್ತದೆ. ಪಾರದರ್ಶಕ ಲೋಟದಲ್ಲಿ ನೆಟ್ಟರೆ ಹೊರಗಿನಿಂದಲೇ ಕಾಣಿಸುತ್ತದೆ ಅಲ್ವಾ? ಬೇರು ಕಂದು ಬಣ್ಣಕ್ಕೆ ತಿರುಗಿದ ಮೇಲೆ ದೊಡ್ಡ ಕುಂಡಕ್ಕೆ ಹಾಕಿ.