ಕಡಕ್ ರೊಟ್ಟಿಯೂ ಹಿಮಾಲಯವೂ

ನಮಸ್ಕಾರ. ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಎರಡು ಕಡೆಯಿಂದ ಒತ್ತಿ, ನಡುವೆ ಎದ್ದ ಮಡಿಕೆಯನ್ನು ತೋರಿಸಿ, 'ಹಿಮಾಲಯ ಹುಟ್ಟಿದ್ದು ಹೀಗೆ' ಎಂದು ಹೇಳುವ ಪಾಠ ನಮ್ಮಲ್ಲಿ ಬಹಳ ಜನರಿಗೆ ಪರಿಚಿತ. ಆ ಪಾಠದ ಮೇಲೆ ನನಗೊಂದು ತಕರಾರಿದೆ: ಅದು ತಳ್ಳುವ ಬಲವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಆ ತಳ್ಳು ತಿನ್ನುವ ಶಿಲೆ ಎಷ್ಟು ಗಟ್ಟಿ ಎಂದು ಕೇಳುವುದೇ ಇಲ್ಲ.

ನಮ್ಮ ಕೊಪ್ಪಳದ ಕಡೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಡುಗೆಮನೆಯಲ್ಲೇ ಸಿಗುತ್ತದೆ. ಹಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿ ಮಡಚಿದರೆ ಮಡಚಿಕೊಳ್ಳುತ್ತದೆ. ಅದನ್ನೇ ಒಣಗಿಸಿ ಕಡಕ್ ಮಾಡಿಟ್ಟರೆ ಬೆರಳು ಊರಿದಲ್ಲಿ ಲಟಕ್ಕನೆ ಮುರಿಯುತ್ತದೆ. ಹಿಟ್ಟು ಒಂದೇ, ಕಾವು ಮತ್ತು ನೀರಿನಂಶ ಬೇರೆ. ಭೂಮಿಯ ಹೊರಚಿಪ್ಪಾದ ಶಿಲಾಗೋಳದ ನಡತೆಯೂ ಬಹುಮಟ್ಟಿಗೆ ಹೀಗೆಯೇ. ಆಳದಲ್ಲಿ ಕಾದ ಶಿಲೆ, ಅದರಲ್ಲೂ ನೀರಿನಂಶ ಉಳ್ಳದ್ದು, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ನಾದಿದ ಹಿಟ್ಟಿನಂತೆ ಹರಿಯುತ್ತದೆ. ತಣ್ಣಗಾದ ಹಳೆಯ ಶಿಲೆ ಹಲಗೆಯಂತೆ ಬಾಗುತ್ತದೆ, ಮಿತಿ ಮೀರಿದರೆ ಬಿರಿಯುತ್ತದೆ.

ಭಾರತದ ಭೂಫಲಕ, ಅಂದರೆ ಭಾರತವನ್ನು ಹೊತ್ತ ಶಿಲಾಗೋಳದ ತುಂಡು, ಏಷ್ಯಾಕ್ಕೆ ಡಿಕ್ಕಿ ಹೊಡೆದು ಸುಮಾರು 5 ಕೋಟಿ ವರ್ಷಗಳಾದವು. ಅದು ಇಂದಿಗೂ ವರ್ಷಕ್ಕೆ ಸುಮಾರು 4ರಿಂದ 5 ಸೆಂಟಿಮೀಟರಿನಷ್ಟು ಸರಿಯುತ್ತಲೇ ಇದೆ. ಒತ್ತಡ ಒಂದೇ ಆದರೂ ಎರಡು ಬದಿಯ ಫಲ ಒಂದೇ ಅಲ್ಲ. ಭಾರತದ ಗಟ್ಟಿ ಫಲಕ ಹಿಮಾಲಯದ ಭಾರಕ್ಕೆ ಕೆಳಬಾಗಿ ಮುಂದೆ ಒಂದು ತಗ್ಗನ್ನು ಮಾಡಿಕೊಟ್ಟಿದೆ. ಅದನ್ನು ಹಲವು ಕಿಲೋಮೀಟರ್ ದಪ್ಪದ ಹೂಳು ತುಂಬಿದ್ದರಿಂದಲೇ ಗಂಗಾ ಬಯಲು ಅಷ್ಟು ಸಮತಟ್ಟು. ಟಿಬೆಟ್ಟಿನ ಕಥೆ ಬೇರೆ. ಅಲ್ಲಿ ತೊಗಟೆ, ಅಂದರೆ ಶಿಲಾಗೋಳದ ಮೇಲ್ಪದರ, ಸುಮಾರು 70 ಕಿಲೋಮೀಟರ್ ದಪ್ಪವಾಗಿದ್ದರೂ ಅದರ ಆಳದ ಭಾಗ ಬಿಸಿಯಾಗಿ ಮೆತ್ತಗಿರುವುದರಿಂದ, ಇನ್ನೂ ಎತ್ತರದ ಗುಡ್ಡವನ್ನು ಹೊರಲಾರದೆ ಅಗಲಕ್ಕೆ ಹರಡಿಕೊಂಡು, ಸರಾಸರಿ 5,000 ಮೀಟರ್ ಎತ್ತರದ ಪ್ರಸ್ಥಭೂಮಿಯಾಗಿ ನಿಂತಿದೆ. ಅದರ ಉತ್ತರಕ್ಕಿರುವ ತಾರಿಮ್ ಎಂಬ ತಗ್ಗು ಪ್ರದೇಶ ಮಾತ್ರ ಮತ್ತೆ ಗಟ್ಟಿ ಆಸಾಮಿ: ತಾನು ಹೆಚ್ಚು ಮಡಚಿಕೊಳ್ಳದೆ ಒತ್ತಡವನ್ನು ಆಚೆಯ ತಿಯಾನ್ ಶಾನ್ ಪರ್ವತಗಳಿಗೆ ದಾಟಿಸಿಬಿಡುತ್ತದೆ. ಬಟ್ಟೆಯ ಮಡಿಕೆಯಲ್ಲಿ ಈ ಭೇದ ಎಲ್ಲಿ ಕಾಣುತ್ತದೆ?

ಭಾರತದ ಫಲಕ ಗಟ್ಟಿ ಎಂದೆನಲ್ಲ, ಅದರ ಗುರುತು ನಮ್ಮ ಕಡೆಯೇ ಇದೆ. ಆನೆಗೊಂದಿಯ ಬಂಡೆಯೊಂದರ ಹತ್ತಿರ ಕುಳಿತು ನೋಡಿದರೆ, ಹೆಬ್ಬೆರಳ ಉಗುರಿನಷ್ಟು ದೊಡ್ಡ ತಿಳಿಗೆಂಪು ಹರಳುಗಳು ಕಾಣುತ್ತವೆ. ಕರಗಿದ ಶಿಲೆ ನೆಲದಾಳದಲ್ಲಿ ನಿಧಾನವಾಗಿ ಆರಿದ್ದರ ಗುರುತು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. (ಅಲ್ಲಿನ ಬಂಡೆಗಳ ರಾಶಿಯನ್ನು ಯಾವ ಒತ್ತಡವೂ ಪೇರಿಸಿಲ್ಲ, ಗ್ರಾನೈಟು ತನ್ನ ಬಿರುಕುಗಳಗುಂಟ ಸವೆದು ಉಳಿದ ರೂಪವದು.) ಹೊಳೆಯಾಚೆ ಸಂಡೂರಿನ ಗುಡ್ಡಗಳಲ್ಲಿ, ಒಂದು ಕಾಲಕ್ಕೆ ನೀರಿನ ತಳದಲ್ಲಿ ಅಡ್ಡಲಾಗಿ ಕೂತಿದ್ದ ಕಬ್ಬಿಣದ ಪದರಗಳು ಮಡಚಿಕೊಂಡು ಕಡಿದಾಗಿ ನಿಂತಿವೆ. ಅವು ಮಡಚಿಕೊಂಡಿದ್ದು ಈ ನೆಲ ಇನ್ನೂ ಬಿಸಿ ರೊಟ್ಟಿಯಂತಿದ್ದಾಗ. ಈಗ ಹಿಮಾಲಯವನ್ನೇ ಎತ್ತಿದ ಒತ್ತಡಕ್ಕೂ ಇಲ್ಲಿ ಹೊಸದೊಂದು ಮಡಿಕೆ ಎಬ್ಬಿಸಲು ಆಗಿಲ್ಲ.