ಬಿಹೋಲ್ಡ್: ಕಣ್ಣಲ್ಲಿ ಹಿಡಿದಿಡುವ ಪದ

ನಮಸ್ಕಾರ ಕೇಳುಗರೇ. ಇಂಗ್ಲಿಷಿನಲ್ಲಿ ನೋಡುವುದಕ್ಕೆ ಸೀ, ಲುಕ್, ವಾಚ್ ಅಂತ ಎಷ್ಟೋ ಪದಗಳಿವೆ. ಅವುಗಳ ನಡುವೆ ಹಳೆಯದೊಂದಿದೆ, ಬಿಹೋಲ್ಡ್. ಈಗ ಮಾತಿನಲ್ಲಿ ಜಾಸ್ತಿ ಕೇಳಿಸುವುದಿಲ್ಲ. ಆದರೂ ನನಗೆ ಇದು ತುಂಬಾ ಇಷ್ಟ, ಯಾಕೆಂದರೆ ಇದರ ಬೇರು ಹುಡುಕುತ್ತಾ ಹೋದರೆ ನಾವು ಹೋಗಿ ನಿಲ್ಲುವುದು ಮಂದೆ ಮೇಯುವ ಬಯಲಿನಲ್ಲಿ.

ಹೋಲ್ಡ್ ಅಂದರೆ ಹಿಡಿ, ಇಟ್ಟುಕೋ. ಮುಂದಿರುವ ಬಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಜರ್ಮನ್ನಿನ ಬೆಹಾಲ್ಟನ್ ಇದರ ಒಡಹುಟ್ಟು, ಅದಕ್ಕೆ ಇವತ್ತಿಗೂ 'ಇಟ್ಟುಕೊಳ್ಳು' ಅಂತಲೇ ಅರ್ಥ. ನೋಡುವ ಅರ್ಥ ಬೆಳೆದದ್ದು ಇಂಗ್ಲಿಷಿನಲ್ಲಿ.

ಹಿಡಿಯುವುದು ನೋಡುವುದಾಗಿದ್ದು ಹೇಗೆ? 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲ್ಲನ್ನು ಇಂಗ್ಲಿಷಿನ ಹಳೆಯ ನೆಂಟ ಗಾಥಿಕ್ ಭಾಷೆಗೆ ತಂದರು. ಅದರಲ್ಲಿ ಹಂದಿ ಮೇಯಿಸುವವರಿಗೆ ಬಳಸಿರುವುದು ಇದೇ ಹೋಲ್ಡ್‌ನ ಒಡಹುಟ್ಟು ಪದ, ಹಾಲ್ಡನ್. ಬಯಲಿಗೆ ಬಿಟ್ಟ ಮಂದೆಯನ್ನು ಒಂದೊಂದಾಗಿ ಕೈಯಲ್ಲಿ ಹಿಡಿದುಕೊಳ್ಳಲು ಆಗುತ್ತದಾ, ಕಾಯುವವನು ದಿನವಿಡೀ ಕಣ್ಣಿನಲ್ಲೇ ಹಿಡಿದಿಟ್ಟಿರಬೇಕು, ಅಲ್ವಾ? ನಾವೂ 'ಮಗೂನ ಸ್ವಲ್ಪ ನೋಡ್ಕೋ' ಅಂತೀವಿ. ಸುಮ್ನೆ ನೋಡು ಅಂತಲ್ಲ, ಕಾಪಾಡು ಅಂತ. ಲ್ಯಾಟಿನ್ನಿನಿಂದ ಬಂದ ಅಬ್ಸರ್ವ್ ಪದದೊಳಗೂ ಕಾಪಾಡು ಎಂಬ ಸೆರ್ವಾರೆ ಕೂತಿದೆ.

ಹಾಗಾಗಿ ಬಿಹೋಲ್ಡ್‌ನ ನೋಟ ಬೇಗ ಮುಗಿಯುವಂಥದ್ದಲ್ಲ. ಹಳೆಯ ಇಂಗ್ಲಿಷಿನ 'ದಿ ಡ್ರೀಮ್ ಆಫ್ ದಿ ರೂಡ್', ಅಂದರೆ ಶಿಲುಬೆಯ ಕನಸು, ಎಂಬ ಪದ್ಯ 10ನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಉಳಿದುಕೊಂಡಿದೆ, ಆ ಪ್ರತಿ ಇಟಲಿಯ ವೆರ್ಚೆಲ್ಲಿ ಊರಿನಲ್ಲಿದೆ. ಕನಸು ಕಾಣುತ್ತಿರುವವನು ಅಲ್ಲೇ ಮಲಗಿಕೊಂಡು, ದುಃಖದಿಂದ, ತುಂಬಾ ಹೊತ್ತು ಶಿಲುಬೆಯನ್ನು ನೋಡುತ್ತಿರುತ್ತಾನೆ. ಅಲ್ಲಿರುವ ಕ್ರಿಯಾಪದ ಇದೇ. ಆ 'ತುಂಬಾ ಹೊತ್ತು' ಇದೆಯಲ್ಲ, ಪದದ ಜೀವ ಅಲ್ಲಿದೆ ಅಂತ ನನಗನ್ನಿಸುತ್ತದೆ.

1611ರ ಕಿಂಗ್ ಜೇಮ್ಸ್ ಬೈಬಲ್ ಇದನ್ನು ಕೂಗಿ ಕರೆಯುವ ಮಾತಾಗಿ ಮನೆಮನೆಗೆ ಮುಟ್ಟಿಸಿತು. ಮೂಲದಲ್ಲಿ 'ನೋಡು' ಎನ್ನುವ ಹೀಬ್ರೂವಿನ 'ಹಿನ್ನೇ', ಗ್ರೀಕಿನ 'ಇದೂ' ಪದಗಳು ಬಂದ ಕಡೆಯೆಲ್ಲ ಹೆಚ್ಚಾಗಿ ಬಿಹೋಲ್ಡ್. ಕನ್ನಡ ಬೈಬಲ್ಲಿನಲ್ಲಿ ಅಂಥ ಜಾಗದಲ್ಲಿ 'ಇಗೋ' ಸಿಗುತ್ತದೆ. ಚೆನ್ನಾಗಿ ಹೊಂದುವ ಮಾತು.

ಹಳೆಯ ಹಿಡಿತ ಪೂರ್ತಿ ಹೋಗಿಲ್ಲ. ಬಿಹೋಲ್ಡನ್ ಅಂತ ಇದರದೇ ಒಂದು ರೂಪವಿದೆ, ಅರ್ಥ ಹಂಗಿನಲ್ಲಿರುವವನು, ಉಪಕಾರಕ್ಕೆ ಸಿಕ್ಕಿಕೊಂಡವನು. ಬಿಹೋಲ್ಡ್ ಮೂಲೆಗೆ ಸರಿದರೂ ಈ ರೂಪ ಇಂದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಧಾರಾಳವಾಗಿ ಓಡಾಡುತ್ತಿದೆ, ಅದರಲ್ಲೂ ಚುನಾವಣೆಗೆ ದುಡ್ಡು ಕೊಟ್ಟವರ ಹಂಗಿಗೆ ಬಿದ್ದ ನಾಯಕರ ಬಗ್ಗೆ ಬರೆಯುವಾಗ.