ಅಳತೆ ಪುಸ್ತಕ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮೂರ ಶಾಲೆ ಮುಂದಿನ ಕಾಂಕ್ರೀಟ್ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ಸಿಟ್ಟಿನಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಬರೆದೆ: ‘ಕೆಲಸ ಕಳಪೆ ಆಗಿದ್ದು ಯಾಕೆ? ಹೊಣೆ ಯಾರು?’ ಎರಡೇ ಸಾಲಿನ ಉತ್ತರ ಬಂತು: ತಾವು ಕೇಳಿರುವುದು ‘ಮಾಹಿತಿ’ ಎಂಬುದರ ವ್ಯಾಖ್ಯೆಗೆ ಬರುವುದಿಲ್ಲ. ಮೈ ಉರಿಯಿತು. ಆಮೇಲೆ 2005ರ ಕಾಯ್ದೆಯನ್ನು ಕೂತು ಓದಿದಾಗ ತಿಳಿಯಿತು, ಅದು ಕೊಡಿಸುವುದು ಕಡತದಲ್ಲಿ ಇರುವುದನ್ನು. ಅಧಿಕಾರಿಯ ಸಮಜಾಯಿಷಿಯನ್ನಲ್ಲ.

ಮತ್ತೆ ಬರೆದೆ. ಕಾಮಗಾರಿಯ ಅಂದಾಜು ಪಟ್ಟಿ, ಬಿಲ್ಲು, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ಪುಟಗಳು, ಇವುಗಳ ದೃಢೀಕೃತ ಪ್ರತಿ ಕೊಡಿ ಎಂದೆ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದ ಮೇಲೆ ಕಾಗದ ಕೈಗೆ ಬಂತು. ಅಳತೆ ಪುಸ್ತಕದಲ್ಲಿ ಎಂಜಿನಿಯರರ ಕೈಬರಹ: ಉದ್ದ, ಅಗಲ, ದಪ್ಪ. ದಪ್ಪ 15 ಸೆಂಟಿಮೀಟರ್. ಶಾಲೆ ಗೇಟಿನ ಬಳಿ ಒಡೆದ ಅಂಚಿಗೆ ಮಕ್ಕಳ ಸ್ಕೇಲು ಹಿಡಿದು ನೋಡಿದೆವು. 9 ದಾಟಲಿಲ್ಲ. ಗ್ರಾಮಸಭೆಯಲ್ಲಿ ನಾವು ಓದಿದ್ದು ಆ ಒಂದು ಪುಟವನ್ನೇ. ಅಲ್ಲಿ ಭಾಷಣ ಬೇಕಾಗಲಿಲ್ಲ.

ಹೀಗೆ ಜನರ ಎದುರು ಕಾಗದ ಓದುವ ದಾರಿ ತೋರಿಸಿದವರು ರಾಜಸ್ಥಾನದ ಬಡ ರೈತರು, ಕೂಲಿಕಾರರು. 1994ರಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದು ಅವರ ಕೂಗು. ದಿನಗೂಲಿ ಬಿಟ್ಟು ಬಿಸಿಲಲ್ಲಿ ಕೂತ ಆ ಹೆಣ್ಣುಮಕ್ಕಳನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಅರ್ಜಿಯಲ್ಲಿ ಕಾರಣ ಹೇಳಬೇಕಿಲ್ಲ. ‘ನಿಮಗೇಕೆ ಬೇಕು?’ ಎಂದು ಕೇಳುವ ಅಧಿಕಾರ ಕಚೇರಿಗಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹಾಗಾಗಿ ದೂರು, ಸಿಟ್ಟು ಎಲ್ಲ ಬಿಟ್ಟು, ಕಾಮಗಾರಿಯ ಹೆಸರು, ವರ್ಷ, ಬೇಕಾದ ದಾಖಲೆ ಇಷ್ಟನ್ನೇ ಬರೆಯಿರಿ. ರಸ್ತೆಯ ಸಾಮಗ್ರಿಯ ಮಾದರಿಯನ್ನೂ ಕೇಳಬಹುದು, ಕಾಯ್ದೆಯಲ್ಲಿ ಅದಕ್ಕೂ ಜಾಗವಿದೆ.

ಕೈಯಲ್ಲೇ ಕೊಟ್ಟರೆ ಸೀಲು ಹಾಕಿದ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಉತ್ತರಕ್ಕಿರುವ 30 ದಿನದ ಎಣಿಕೆ ಶುರುವಾಗುವುದು ಆ ಸೀಲಿನ ತಾರೀಖಿನಿಂದ.